ಹುಳಕ್ಕೆ ಹೊಲದ ಬದು ಗೊತ್ತಿಲ್ಲ

(ಮೇ 12ರ ಸಸ್ಯ ಆರೋಗ್ಯ ದಿನದಂದು ಹತ್ತಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಗಿರಣಿಯ ಬಾಗಿಲಲ್ಲಿ ನಾವು ಕೂಲಿಯ ಮಾತಾಡಿದ್ದೇವೆ, ಬೋನಸ್ಸಿನ ಮಾತಾಡಿದ್ದೇವೆ. ಇಂದು ಹತ್ತಿಗಿಡದ ಆರೋಗ್ಯದ ಮಾತಾಡಲು ನಿಂತಿದ್ದೇವೆ. ಅದು ರೈತನ ಚಿಂತೆ, ನಮಗೇನು ಎಂದು ಕೆಲವರಿಗೆ ಅನಿಸಬಹುದು. ಆದರೆ ಕಾಯಿ ಕೆಟ್ಟ ವರ್ಷ ಜಿನ್ನು ನಿಲ್ಲುತ್ತದೆ. ಜಿನ್ನು ನಿಂತರೆ ಕೂಲಿ ನಿಲ್ಲುತ್ತದೆ. ಕೂಲಿ ನಿಂತರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಹೀಗಿರುವಾಗ ಚಿಂತೆ ರೈತನೊಬ್ಬನದೇ ಹೇಗಾದೀತು?

ಗುಲಾಬಿ ಕಾಯಿಕೊರಕ ಹುಳವನ್ನು ನೀವು ಬಲ್ಲಿರಿ. ಮೊಟ್ಟೆಯೊಡೆದ ಮರಿ ಕಾಯಿಯೊಳಗೆ ಹೊಕ್ಕು ಬೀಜ ತಿನ್ನುತ್ತದೆ, ಅರಳೆಗೆ ಕಲೆ ಬೀಳುತ್ತದೆ. ಒಳಸೇರಿದ ಮೇಲೆ ಹೊರಗಿನಿಂದ ಹೊಡೆದ ಔಷಧಿ ಅದಕ್ಕೆ ತಾಕದು. 2002ರಲ್ಲಿ ಬಿ.ಟಿ. ಹತ್ತಿ ಬಂದಾಗ ಕಾಟ ತೀರಿತೆಂದು ಬಗೆದೆವು. ಕೆಲವೇ ವರ್ಷಗಳಲ್ಲಿ ಹುಳ ಅದನ್ನೂ ಅರಗಿಸಿಕೊಂಡಿತು.

ಇದರ ಚರಿತ್ರೆಯಲ್ಲಿ ನಮಗೊಂದು ಪಾಠವಿದೆ. 1842ರಲ್ಲಿ ಗುಜರಾತಿನ ಭರೂಚಿನ ಹತ್ತಿಯಲ್ಲಿ ಇದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಇಪ್ಪತ್ತನೆಯ ಶತಮಾನದ ಮೊದಲಿಗೆ ಭಾರತದ ಸರಕಿನೊಡನೆ ಈಜಿಪ್ಟಿಗೆ, ಅಲ್ಲಿಂದ 1911ರಲ್ಲಿ ಬೀಜದೊಡನೆ ಮೆಕ್ಸಿಕೋಗೆ ಹೋಯಿತು. 1917ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಕಂಡಿತು. ಎಲ್ಲಿ? ಮೆಕ್ಸಿಕೋದ ಬೀಜ ತರಿಸಿದ್ದ ಎಣ್ಣೆ ಗಿರಣಿಯೊಂದರ ಹತ್ತಿರದ ಹೊಲದಲ್ಲಿ! ಹುಳ ಕಡಲನ್ನು ಹಾರಿ ದಾಟಲಿಲ್ಲ; ವ್ಯಾಪಾರದ ಚೀಲದಲ್ಲಿ ಕುಳಿತು ದಾಟಿತು.

ಅದೇ ಅಮೆರಿಕ 2018ರಲ್ಲಿ ತನ್ನ ಹತ್ತಿಹೊಲಗಳು ಈ ಹುಳದಿಂದ ಮುಕ್ತವೆಂದು ಸಾರಿತು. ಒಂದೇ ಔಷಧಿಯಿಂದ ಇದಾಗಲಿಲ್ಲ. ಬೆಳೆಗಾರರೂ ಸರಕಾರವೂ ಕೂಡಿ ಕಟ್ಟಿಗೆ ಉತ್ತು ಹಾಕಿದರು, ಬಿ.ಟಿ. ಬೆಳೆದರು, ಬಲೆ ಕಟ್ಟಿದರು, ಸಂತಾನಶಕ್ತಿ ಕಳೆದ ಪತಂಗಗಳನ್ನು ಬಿಟ್ಟರು. ಒಬ್ಬನು ಹೊಲ ಹಸನು ಮಾಡಿ ನೆರೆಯವನು ಬಿಟ್ಟರೆ ಫಲವಿಲ್ಲ.

ಡಿಸೆಂಬರ್ ಕೊನೆಯೊಳಗೆ ಬೆಳೆ ಮುಗಿಸಿರೆಂದು ಇಲ್ಲಿಯೂ ತಜ್ಞರು ಹೇಳುತ್ತಾರೆ. ಆದರೆ ಸಾಲಗಾರನಾದ ರೈತ ಇನ್ನೆರಡು ಚೀಲ ಹತ್ತಿಯ ಆಸೆಗೆ ಗಿಡ ಉಳಿಸುತ್ತಾನೆ. ಅವನನ್ನು ತಿಳಿಗೇಡಿ ಎನ್ನುವುದು ನ್ಯಾಯವಲ್ಲ. ಕಟ್ಟಿಗೆ ಕೀಳುವ ಖರ್ಚನ್ನೂ ಮುಂದಿನ ಬೆಳೆಯ ಬೀಜವನ್ನೂ ಸರಕಾರ ಕೊಡಲಿ. ಆಮೇಲೆ ಶಿಸ್ತನ್ನು ಕೇಳಲಿ.

ನಮ್ಮ ಪಾಲೂ ಇದೆ. ಬೀಜದೊಳಗೆ ಮಲಗಿದ ಹುಳ ಈಗ ನಮ್ಮ ಗಿರಣಿಯ ಅಂಗಳದಲ್ಲಿ, ವ್ಯಾಪಾರಿಗಳ ಗೋದಾಮಿನಲ್ಲಿ ಇದೆ. ಮಳೆ ಬಿದ್ದು ಬಿತ್ತನೆಯಾದರೆ ಪತಂಗವಾಗಿ ಹೊಸ ಬೆಳೆಗೆ ಹಾರುತ್ತದೆ. ಆದ್ದರಿಂದ ಜಿನ್ನಿನ ಕಸ, ಹುಳುಕು ಬೀಜ ಸುಡಬೇಕು. ಅಂಗಳದಲ್ಲಿ ಮೋಹಕ ಬಲೆ ಕಟ್ಟಬೇಕು. ಹಳೆಯ ಹತ್ತಿಯನ್ನು ಬಿತ್ತನೆಗೆ ಮೊದಲೇ ಸಾಗಿಸಬೇಕು.

ಸೋಮವಾರ ನಾವು ಮಾಲೀಕರ ಬಳಿ ಹೋಗುತ್ತೇವೆ. ಅಂಗಳ ಗುಡಿಸುವ ದಿನಕ್ಕೆ ಪೂರ್ತಿ ಕೂಲಿ ಕೊಡಬೇಕೆಂಬುದು ನಮ್ಮ ಮೊದಲ ಬೇಡಿಕೆ. ಕೂಲಿ ಕೊಟ್ಟರೆ ಅಂಗಳದಲ್ಲಿ ಒಂದು ಹುಳುಕು ಬೀಜವನ್ನೂ ಉಳಿಸುವುದಿಲ್ಲವೆಂಬುದು ನಮ್ಮ ಮಾತು. ಆ ಮಾತಿಗೆ ನೀವೆಲ್ಲ ಜೊತೆ ನಿಲ್ಲಬೇಕು.