ಎಲ್ಲವೂ, ಒಂದಾದರೂ: ಪಟ್ಟಿಯನ್ನು ಪರೀಕ್ಷಿಸುವ ಎರಡು ಪ್ರಶ್ನೆಗಳು



ಗಣಕಯಂತ್ರಕ್ಕೆ ಒಂದು ಪಟ್ಟಿಯನ್ನು ಕೊಟ್ಟು, ಅದರ ಅಂಶಗಳು ಒಂದು ನಿಬಂಧನೆಗೆ ಒಪ್ಪುತ್ತವೆಯೇ ಎಂದು ಕೇಳುವ ಬಗೆ ಎರಡು. ‘ಎಲ್ಲವೂ ಒಪ್ಪುತ್ತವೆಯೇ?’ ಎಂಬುದು ಮೊದಲನೆಯದು, ‘ಒಂದಾದರೂ ಒಪ್ಪುತ್ತದೆಯೇ?’ ಎಂಬುದು ಎರಡನೆಯದು. ಪೈಥಾನ್ ಭಾಷೆಯಲ್ಲಿ ಇವಕ್ಕೆ ಕ್ರಮವಾಗಿ ‘ಆಲ್’, ‘ಎನಿ’ ಎಂದು ಹೆಸರು.

ಬೆಳುಗುಪ್ಪದ ಮಕ್ಕಳಿಗೆ ಇದನ್ನು ಶೇಂಗಾ ಬೀಜದಿಂದಲೇ ತಿಳಿಸಬಹುದು. ಮೊರದಲ್ಲಿರುವ ಬೀಜವೆಲ್ಲ ಗಟ್ಟಿಯೇ ಎಂದು ನೋಡುವಾಗ ಒಂದು ಜೊಳ್ಳು ಸಿಕ್ಕ ಕೂಡಲೆ ‘ಅಲ್ಲ’ ಎಂಬ ಉತ್ತರ ದೊರೆಯುತ್ತದೆ. ಗಟ್ಟಿ ಬೀಜ ಒಂದಾದರೂ ಇದೆಯೇ ಎಂದು ಹುಡುಕುವಾಗ ಮೊದಲ ಗಟ್ಟಿ ಬೀಜಕ್ಕೇ ‘ಹೌದು’ ಎನ್ನಬಹುದು. ಉಳಿದುದನ್ನು ನೋಡಬೇಕಿಲ್ಲ. ಗಣಕವೂ ಹಾಗೆಯೇ ಅಲ್ಲಿಗೆ ನಿಲ್ಲುತ್ತದೆ.

ಎಲ್ಲಿ ಯಾವ ಪ್ರಶ್ನೆ ಸಲ್ಲುತ್ತದೆ ಎಂಬುದು ಭಾಷಾ ಅಲ್ಪಸಂಖ್ಯಾತರ ಶಾಲೆಗೆ ಸಣ್ಣ ಮಾತಲ್ಲ. ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕೆಂದು 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ನಿರ್ಣಯಿಸಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸೌಲಭ್ಯ ಒದಗಿಸುವ ಪ್ರಯತ್ನವನ್ನು ರಾಜ್ಯಗಳ ಹೊಣೆಯಾಗಿಸಿತು.

ಒಂದು ಶಾಲೆಯ ಐದು ತರಗತಿಗಳಲ್ಲಿ ಕನ್ನಡ ಮಕ್ಕಳು ಕ್ರಮವಾಗಿ 6, 8, 11, 5, 4 ಇರುವರೆಂದು ಭಾವಿಸೋಣ. ಒಟ್ಟು 34, ನಲವತ್ತಾಗಲಿಲ್ಲ. ‘ಎಲ್ಲ ತರಗತಿಗಳಲ್ಲೂ ಹತ್ತು ಮಕ್ಕಳಿರುವರೇ?’ ಎಂದರೆ ಇಲ್ಲ. ‘ಒಂದರಲ್ಲಾದರೂ ಇರುವರೇ?’ ಎಂದರೆ ಹೌದು, ಮೂರನೆಯದರಲ್ಲಿ. ನಿರ್ಣಯವು ಕೇಳುವುದು ಎರಡನೆಯ ಪ್ರಶ್ನೆಯನ್ನು. ಅದರ ಬದಲು ಮೊದಲನೆಯದನ್ನು ಕೇಳಿದರೆ, ಆ ಮಕ್ಕಳಿಗೆ ಸಲ್ಲಬೇಕಾದ ಶಿಕ್ಷಕರು ಲೆಕ್ಕದಲ್ಲಿಯೇ ಕೈತಪ್ಪುತ್ತಾರೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಖಾಲಿ ಪಟ್ಟಿಯನ್ನು ಕೊಟ್ಟರೆ ‘ಎನಿ’ಯ ಉತ್ತರ ‘ಇಲ್ಲ’. ‘ಆಲ್’ನ ಉತ್ತರ ಮಾತ್ರ ‘ಹೌದು’! ನಿಬಂಧನೆಯನ್ನು ಮೀರಿದ ಅಂಶ ಅಲ್ಲಿ ಒಂದೂ ಇಲ್ಲವಷ್ಟೇ. ತರ್ಕಕ್ಕೆ ಇದು ಸರಿ. ಆದರೆ ‘ತರಗತಿಯ ಎಲ್ಲ ಮಕ್ಕಳಿಗೂ ಕನ್ನಡ ಪಠ್ಯಪುಸ್ತಕ ತಲುಪಿದೆಯೇ?’ ಎಂಬ ಪ್ರಶ್ನೆಗೆ, ಮಕ್ಕಳೇ ಇಲ್ಲದ ತರಗತಿಯೂ ‘ಹೌದು’ ಎಂದೇ ಉತ್ತರಿಸುತ್ತದೆ. ಬರಿದಾದ ಕನ್ನಡ ತರಗತಿಯೊಂದು ಹೀಗೆ ಕಾಗದದ ಮೇಲೆ ಪೂರ್ಣ ಯಶಸ್ಸಾಗಿ ಕಾಣಬಹುದು.

ಆದುದರಿಂದ ‘ಎಲ್ಲವೂ’ ಎಂದು ಕೇಳುವ ಮೊದಲು ‘ಎಷ್ಟು?’ ಎಂದು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಬೇಕು. ಹಾಜರಿ ಪುಸ್ತಕವನ್ನು ಓದುವಾಗಲೂ ಇದೇ ಕ್ರಮ ಒಳ್ಳೆಯದು.