ಕುಲುಮೆಯ ಮುಂದೆ ನಮ್ಮ ತಂದೆ

 

ಈ ಸಂಜೆ ಕಾಯಕದ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ನಾನು ಶಾಸ್ತ್ರ ಓದಿದವಳಲ್ಲ. ಶಿವಮೊಗ್ಗದಲ್ಲಿ ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳು. ಕಾಯಕವೆಂದರೆ ನನ್ನ ಕಣ್ಣಮುಂದೆ ಬರುವವರು ನಮ್ಮ ತಂದೆಯವರು. ಆ ಕಾಯಕದ ಮೇಲೆಯೇ ನಾನು ನಲವತ್ತೇಳು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಅದನ್ನು ಈ ಸಭೆಯಲ್ಲಿ ಮುಚ್ಚಿಡದೆ ಹೇಳಿಬಿಡುತ್ತೇನೆ.

ಭದ್ರಾವತಿಗೆ ಹಳಬರು ಬೆಂಕಿಪುರ ಎನ್ನುತ್ತಿದ್ದರು. ಕಬ್ಬಿಣದ ಕಾರ್ಖಾನೆ ಬರುವುದಕ್ಕೆ ಮೊದಲೇ ಊರಿಗೆ ಆ ಹೆಸರಿತ್ತು ಎಂಬುದೊಂದು ತಮಾಷೆ. ಮೈಸೂರು ಸರ್ಕಾರದ ಆ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯಿತು. ಮೊದಮೊದಲು ತೊಡರು ಬಂದಾಗ ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತು ನಿಲ್ಲಿಸಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿಕೊಂಡಿತು. ನಮ್ಮ ತಂದೆಯವರು ಶಿಕಾರಿಪುರದ ಕಡೆಯ ಹಳ್ಳಿಯಿಂದ 1949ರಲ್ಲಿ ಒಂದು ಟ್ರಂಕು ಹೊತ್ತು ಇಲ್ಲಿಗೆ ಬಂದು, ಕುಲುಮೆಯ ಕೆಲಸಕ್ಕೆ ಸೇರಿದರು.

ಕುಲುಮೆ ಎಂದರೆ ಕಮ್ಮಾರನ ಕುಲುಮೆಯಲ್ಲ, ಮನೆಗಿಂತ ಎತ್ತರವಾದದ್ದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು, ಸುಣ್ಣಕಲ್ಲು, ಇವನ್ನು ಮೇಲಿನಿಂದ ಸುರಿಯುತ್ತಿದ್ದರು. ಕೆಳಗಿನಿಂದ ಬಿಸಿಗಾಳಿ ಊದುತ್ತಿದ್ದರು. ಕಬ್ಬಿಣ ಕರಗಿ ತಳಕ್ಕಿಳಿಯುತ್ತದೆ, ಕಿಟ್ಟ ಮೇಲೆ ತೇಲುತ್ತದೆ. ಹೊತ್ತಿಗೆ ಸರಿಯಾಗಿ ಅದರ ಬಾಯಿ ಬಿಚ್ಚಿ ಕಬ್ಬಿಣವನ್ನು ಹರಿಯಬಿಡಬೇಕು, ಮತ್ತೆ ಜೇಡಿಮಣ್ಣು ಹೊಡೆದು ಬಾಯಿ ಮುಚ್ಚಬೇಕು. ಅದಕ್ಕೆ ಶಿವರಾತ್ರಿಯಿಲ್ಲ, ದೀಪಾವಳಿಯಿಲ್ಲ. “ಅದು ಆರಿದರೆ ಕಬ್ಬಿಣ ಒಳಗೇ ಕಲ್ಲಾಗುತ್ತೆ ಕಣಮ್ಮ, ಆಮೇಲೆ ಕುಲುಮೆಯನ್ನೇ ಒಡೀಬೇಕು” ಎಂದು ಅಪ್ಪ ಹೇಳುತ್ತಿದ್ದರು. ಅವರ ಪಾದದ ಮೇಲೆ ಕಿಡಿ ಹಾರಿದ ಕಲೆಗಳು ಎಳ್ಳು ಚೆಲ್ಲಿದ ಹಾಗೆ ಇದ್ದವು.

ನಮ್ಮ ಕ್ವಾರ್ಟರ್ಸಿನ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲವೂ ಒಂದೇ ನಲ್ಲಿಯ ಮುಂದೆ ಜಗಳವಾಡುತ್ತಿದ್ದವು. ಅಪ್ಪನ ಜೀವದ ಗೆಳೆಯ ತಮಿಳಿನವರು, ಅದೇ ಪಾಳಿಯ ಫಿಟ್ಟರ್. ನಾವು ಮಕ್ಕಳು ಅವರನ್ನು ಫಿಟ್ಟರ್ ಮಾಮ ಎನ್ನುತ್ತಿದ್ದೆವು. ಅವರು ಅಪ್ಪನನ್ನು ಅಣ್ಣ ಎನ್ನುತ್ತಿದ್ದರು. ಮಾಮ ಮನೆಗೆ ಬಂದರೆ ಕಾಫಿ ಕೊಡಲು ಅಜ್ಜಿ ಬೇರೆ ಒಂದು ಹಿತ್ತಾಳೆ ಲೋಟ ಇಟ್ಟಿದ್ದಳು, ಅಂಚು ನೆಗ್ಗಿದ್ದು. ಅಪ್ಪ ಅಜ್ಜಿಯೊಡನೆ ವಾದ ಮಾಡಲಿಲ್ಲ. ಒಂದು ದಿನದಿಂದ ತಾವೂ ಆ ಲೋಟದಲ್ಲೇ ಕುಡಿಯತೊಡಗಿದರು. ತಿಂಗಳೊಪ್ಪತ್ತಿನಲ್ಲಿ ಅಜ್ಜಿಯೇ ಅದನ್ನು ಉಳಿದ ಲೋಟಗಳ ಸಾಲಿಗೆ ಸೇರಿಸಿದಳು.

ಇನ್ನು ಆ ರಾತ್ರಿಯ ಮಾತು. 1964ರ ಶ್ರಾವಣ. ನನಗೆ ಒಂಬತ್ತು, ತಮ್ಮನಿಗೆ ನಾಲ್ಕು. ಎರಡು ದಿನದ ಜ್ವರ ಆ ರಾತ್ರಿ ನೆತ್ತಿಗೇರಿತು. ಪಕ್ಕದ ಮನೆಯ ಹುಡುಗ ಸೈಕಲ್ ತುಳಿದುಕೊಂಡು ಗೇಟಿಗೆ ಹೋಗಿ ಅಪ್ಪನಿಗೆ ಹೇಳಿಕಳಿಸಿ ಬಂದ. ಅಪ್ಪ ಬರಲಿಲ್ಲ. ಮೂರು ಗಂಟೆಗೆ ಮಗು ಹೋಯಿತು. ಬೆಳಗ್ಗೆ ಪಾಳಿ ಮುಗಿಸಿಕೊಂಡು, ಮೈಯೆಲ್ಲ ಮಸಿಯಾಗಿ ಅಪ್ಪ ಬಾಗಿಲಲ್ಲಿ ನಿಂತರು. ಅವ್ವ ಒಂದು ಮಾತೂ ಆಡಲಿಲ್ಲ. ನಾನು ಮಾತ್ರ, ಇವರಿಗೆ ಮಗನಿಗಿಂತ ಕಬ್ಬಿಣ ಹೆಚ್ಚಾಯಿತು ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಹದಿನೇಳನೆಯ ವಯಸ್ಸಿನಲ್ಲಿ ಒಮ್ಮೆ ಅದನ್ನು ಅವರ ಮುಖಕ್ಕೇ ಹೇಳಿದೆ. “ಇರಬಹುದಮ್ಮ” ಎಂದು ಎದ್ದು ಹೋದರು.

ಪ್ರತಿ ವರ್ಷ ಶ್ರಾವಣದಲ್ಲಿ ಒಂದು ದಿನ ಅವರು ಫಿಟ್ಟರ್ ಮಾಮನನ್ನು ಕರೆದುಕೊಂಡು ಕೂಡಲಿಗೆ ಹೋಗುತ್ತಿದ್ದರು. ತುಂಗೆ ಭದ್ರೆ ಕೂಡುವ ಮೆಟ್ಟಿಲ ಮೇಲೆ ಇಬ್ಬರೂ ಕುಳಿತು, ಬುತ್ತಿ ತಿಂದು ಬರುವರು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳುವಷ್ಟು ಸಲುಗೆ ಉಳಿದಿರಲಿಲ್ಲ.

1986ರಲ್ಲಿ ಅಪ್ಪ ನಿವೃತ್ತರಾದರು. ಆಮೇಲೆ ಶಿವಮೊಗ್ಗದಲ್ಲಿ ನಮ್ಮ ಜೊತೆಗಿದ್ದು 2011ರಲ್ಲಿ ಲಿಂಗೈಕ್ಯರಾದರು. ಸಮಾಧಿಯಾದ ಐದನೆಯ ದಿನ ಮಾಮ ರೈಲಿನಲ್ಲಿ ಬಂದರು. ಎಪ್ಪತ್ತೊಂಬತ್ತರ ಮುದುಕ. ಜಗಲಿಯಲ್ಲಿ ಅವ್ವನ ಎದುರು ಕುಳಿತು ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟರು.

“ಅಕ್ಕ, ಆ ರಾತ್ರಿ ಹುಡುಗ ತಂದ ಸುದ್ದಿ ನನ್ನ ಕೈಗೆ ಬಂತು. ಅಣ್ಣನಿಗೆ ನಾನು ಹೇಳಲಿಲ್ಲ. ಆಗ ತಾನೇ ಬಾಯಿ ಬಿಚ್ಚಿತ್ತು, ಕಬ್ಬಿಣ ಹರೀತಿತ್ತು. ಅಣ್ಣನ ಕಣ್ಣು ಆಚೀಚೆಯಾದರೆ ಅಲ್ಲಿದ್ದ ನಾಲ್ಕು ಜನರ ಗತಿ ಏನು ಅಂತ ಹೆದರಿದೆ. ಬಾಯಿ ಮುಚ್ಚಿದ ಮೇಲೆ ಹೇಳೋಣ ಅಂದುಕೊಂಡೆ. ಮಣ್ಣು ಎಷ್ಟು ಹೊಡೆದರೂ ನಿಲ್ಲಲಿಲ್ಲ. ಮುಚ್ಚುವ ಹೊತ್ತಿಗೆ ಮೂರು ದಾಟಿತ್ತು. ಆಮೇಲೆ ನಾಲಿಗೆ ಏಳಲಿಲ್ಲ. ಅಣ್ಣನಿಗೆ ತಿಳಿಯದೆಯೇ ಹೋಯಿತು.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ತಿಳಿದಿತ್ತು ಕಣಪ್ಪ” ಎಂದಳು. “ಆ ಹುಡುಗ ಮಾರನೆಯ ದಿನವೇ ಹೇಳಿದ್ದ, ಫಿಟ್ಟರ್ ಕೈಲಿ ಹೇಳಿ ಬಂದೆ ಅಂತ. ನಾನು ಕೇಳಿ ಅಂದೆ. ‘ಅವನಾಗಿ ಹೇಳೋವರೆಗೆ ನಾನು ಕೇಳೋದಿಲ್ಲ. ನಾನು ಕೇಳಿದರೆ ಅವನು ನಾಳೆ ಕುಲುಮೆ ಮುಂದೆ ನಿಲ್ಲಲಾರ’ ಅಂದರು. ನಿನ್ನನ್ನ ಕೂಡಲಿಗೆ ಕರಕೊಂಡು ಹೋಗ್ತಿದ್ದದ್ದು ನೀನು ಹೇಳಬಹುದು ಅಂತ.”

ಶರಣಬಂಧುಗಳೇ, ಆ ಮಾತು ಕೇಳಿ ನನಗೆ ಮೊದಲು ಬಂದದ್ದು ದುಃಖವಲ್ಲ, ಇನ್ನೊಂದು ಸಿಟ್ಟು. ಗೆಳೆಯನ ಮುಖ ಉಳಿಸಲು ಮಗಳ ಸಿಟ್ಟನ್ನು ತಮ್ಮ ಮೇಲೆ ಹಾಕಿಕೊಂಡರಲ್ಲ, ನನಗಾದರೂ ಹೇಳಬಾರದಾಗಿತ್ತೇ? ಇದು ಸರಿಯೇ ಎಂಬುದನ್ನು ತಿಳಿದವರು ಹೇಳಬೇಕು. ನನಗಿನ್ನೂ ಪೂರ್ತಿ ಸರಿ ಎನಿಸಿಲ್ಲ. ಆದರೆ “ಇರಬಹುದಮ್ಮ” ಎಂದು ಎದ್ದುಹೋದ ಆ ಬೆನ್ನು ಮಾತ್ರ ಈಗ ಬೇರೆಯಾಗಿ ಕಾಣುತ್ತದೆ.

ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದ ತಿಂಗಳಲ್ಲೇ. ಕೆಲಸಗಾರರು ಹೋರಾಟಕ್ಕೆ ಕುಳಿತರು. ಅದನ್ನು ನೋಡಲು ಅಪ್ಪ ಇರಲಿಲ್ಲ, ಒಳ್ಳೆಯದೇ ಆಯಿತು.

ಆ ದಿನ ನಾನು ಮಾಮನಿಗೆ ಕಾಫಿ ತಂದುಕೊಟ್ಟೆ. ಅವರು ಕುಡಿಯದೆ ಲೋಟವನ್ನು ತಿರುಗಿಸಿ ನೋಡಿದರು. ಅಂಚಿನ ನೆಗ್ಗನ್ನು ಬೆರಳಿನಿಂದ ಸವರಿ, “ಇದು ಅಜ್ಜಿ ಇಟ್ಟಿದ್ದ ಲೋಟ ಅಲ್ಲವೇನಮ್ಮ?” ಎಂದರು. ಹೌದು ಮಾಮ, ಅಪ್ಪ ಕೊನೆಯವರೆಗೂ ಇದರಲ್ಲೇ ಕುಡಿದರು ಎಂದೆ. ಅವ್ವ ಒಳಗೆ ಹೋಗಿ ಇನ್ನೊಂದು ಲೋಟ ತಂದು, ಅವರ ಕೈಯಲ್ಲಿದ್ದುದರಿಂದ ಅರ್ಧ ಬಗ್ಗಿಸಿಕೊಂಡು, ಅವರ ಎದುರಿಗೇ ಕುಳಿತು ಕುಡಿದಳು.