ಗುಂಡಿ ಒತ್ತುವ ಮುನ್ನ
(ದೇವಳಾಲಿ ಕ್ಯಾಂಪಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬ್ಯಾಂಕಿನ ಗುಮಾಸ್ತ; ಗಣಕಯಂತ್ರದ ಪಂಡಿತನಲ್ಲ. ಆದರೂ ಮನೆಯ ಅನುಭವವೊಂದನ್ನು ತಮ್ಮ ಮುಂದಿಡುವೆನು.

ಕಳೆದ ವರ್ಷ ನನ್ನ ತಮ್ಮ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡು ತಂದ. ಊರಿನಲ್ಲಿರುವ ತಾಯಿಯ ಪಿಂಚಣಿಯ ಲೆಕ್ಕ ನೋಡುವುದೂ ಅದರಲ್ಲಿಯೇ. "ಎಲ್ಲ ಅಳಿಸಿ ಹೊಸ ವಿಂಡೋಸ್ ಹಾಕಿಸಿದ್ದೀನಣ್ಣ, ಇನ್ನೇನು ಭಯ?" ಎಂದ.

ಭಯವಿರುವುದು ಅದಕ್ಕೂ ಮೊದಲೇ. ಗುಂಡಿ ಒತ್ತಿದೊಡನೆ ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ, ಸಣ್ಣ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಡಿಸ್ಕನ್ನು ಅಳಿಸಿದರೆ ಅದು ಅಳಿಯದು. 1999ರ ಏಪ್ರಿಲ್ 26ರಂದು 'ಚೆರ್ನೋಬಿಲ್' ವೈರಸ್ಸು ಅನೇಕ ಯಂತ್ರಗಳಲ್ಲಿ ಈ ಚಿಪ್ಪಿನ ಬರಹವನ್ನೇ ಕೆಡಿಸಿತು. 2018ರಲ್ಲಿ ಬೆಳಕಿಗೆ ಬಂದ 'ಲೋಜ್ಯಾಕ್ಸ್' ಅಲ್ಲಿಯೇ ಬಿಡಾರ ಹೂಡಿತು. ಡಿಸ್ಕ್ ಬದಲಿಸಿದರೂ ಕದಲದು.

ಇದಕ್ಕೆ ಕಾವಲು 'ಸೆಕ್ಯೂರ್ ಬೂಟ್'. ನಾವು ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ತಾಳೆ ನೋಡುವಂತೆ, ಅದು ಯಂತ್ರ ಏಳುವಾಗ ಬರುವ ಕಾರ್ಯಕ್ರಮಗಳ ಸಹಿಯನ್ನು ನೋಡುತ್ತದೆ. ತಾಳೆಯಾಗದ್ದನ್ನು ಒಳಗೆ ಬಿಡದು. ತಮ್ಮನ ಯಂತ್ರದಲ್ಲಿ ಅದನ್ನು ಯಾರೋ ಆರಿಸಿಟ್ಟಿದ್ದರು! ತಯಾರಕರಿಂದಲೇ ಬಂದ ಹೊಸ ಫರ್ಮ್‌ವೇರ್ ಹಾಕಿ, ಕಾವಲನ್ನು ಮತ್ತೆ ನಿಲ್ಲಿಸಿದೆವು.

ಸಹಿಗೂ ಅವಧಿಯುಂಟು. 2011ರ ಸರ್ಟಿಫಿಕೇಟುಗಳಿಗೆ ಗೊತ್ತುಮಾಡಿದ ಅವಧಿ 2026ರ ಜೂನಿನಿಂದ ತೀರತೊಡಗುವಂಥದು. ಆದಕಾರಣ ಅಪ್‌ಡೇಟನ್ನು 'ನಾಳೆ' ಎನ್ನಬಾರದು.

ತೋಪುಖಾನೆಯ ಈ ಊರಿನಲ್ಲಿ ಚೀಟಿ ನೋಡದೆ ಒಳಬಿಡುವ ಪಹರೆಯವನನ್ನು ನಾವಾರೂ ಕಂಡಿಲ್ಲ. ನಮ್ಮ ಮನೆಯ ಯಂತ್ರಕ್ಕೂ ಅಂಥ ಪಹರೆಯಿರಲಿ.